ಕೈಪಿಡಿಯೊಳಗಿನ ಪಂಕ್ತಿಭೇದ

ಒಂದು ಫೈಲ್ ಇದೆ. ಅದರಲ್ಲಿ ಇರುವುದು ಒಂದೇ ಪದ: ಕನ್ನಡ. ಆ ಫೈಲನ್ನು ತೆರೆದು ಓದಿ, ಓದಿದ್ದನ್ನು ಪರದೆಯ ಮೇಲೆ ತೋರಿಸು ಎಂದು ಪೈಥಾನ್ ಭಾಷೆಯಲ್ಲಿ ಎರಡು ಸಾಲು ಬರೆಯಬೇಕು. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ, ಇಲ್ಲವೇ ಆ್ಯಪಲ್‌ನ ಮ್ಯಾಕ್‌ನಲ್ಲಿ ಅದನ್ನು ಓಡಿಸಿದರೆ 'ಕನ್ನಡ' ಎಂದು ಚೊಕ್ಕವಾಗಿ ಮೂಡುತ್ತದೆ. ಅದೇ ಫೈಲು, ಅದೇ ಎರಡು ಸಾಲು ವಿಂಡೋಸ್ ಕಂಪ್ಯೂಟರಿಗೆ ಹೋದಾಗ ಪ್ರೋಗ್ರಾಂ ಅರ್ಧದಲ್ಲೇ ಮುಗ್ಗರಿಸಿ, 8ನೇ ಸ್ಥಾನದಲ್ಲಿರುವ ಬೈಟನ್ನು ಬಿಡಿಸಿ ಓದಲಾಗುತ್ತಿಲ್ಲ ಎಂದು ದೂರುತ್ತದೆ.

8ನೇ ಸ್ಥಾನದಲ್ಲಿ ಅಂಥದ್ದೇನಿದೆ? ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. 'ಕ' ಎಂದರೆ 224, 178, 149. 'ನ' ಎಂದರೆ 224, 178, 168. ಆ 'ನ'ಕಾರಕ್ಕೆ ಒತ್ತು ಕೊಡಲು ನಡುವೆ ಬರುವ ಹಲಂತ ಚಿಹ್ನೆ ಎಂದರೆ 224, 179, 141. ಸೊನ್ನೆಯಿಂದ ಎಣಿಸುತ್ತಾ ಬಂದರೆ 8ನೆಯದು ಈ 141. ಪೈಥಾನ್‌ಗೆ ಬೇರೇನೂ ಹೇಳದೆ ಬಿಟ್ಟರೆ ಅದು ವಿಂಡೋಸ್‌ನ ಇಂಗ್ಲಿಷ್ ಸೆಟ್ಟಿಂಗ್‌ಗೆ ತಕ್ಕಂತೆ 1252 ಎಂಬ ಹಳೆಯ ಕೋಡ್ ಪೇಜ್ ಹಿಡಿದು ಓದಲು ಹೊರಡುತ್ತದೆ. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಆ ಪಟ್ಟಿಯಲ್ಲಿ ಐದು ಮನೆಗಳು ಖಾಲಿ ಇವೆ: 129, 141, 143, 144 ಮತ್ತು 157. ಕನ್ನಡದ ಕೊಂಬು ಕೊನೆಯಾಗುವುದು 129ರಲ್ಲಿ, ಹಲಂತ 141ರಲ್ಲಿ, 'ಏ' 143ರಲ್ಲಿ, 'ಐ' 144ರಲ್ಲಿ, 'ಝ' 157ರಲ್ಲಿ. ಐದಕ್ಕೆ ಐದೂ ಖಾಲಿ ಮನೆಗಳ ಬಾಗಿಲಿಗೇ ಕನ್ನಡ ಹೋಗಿ ನಿಲ್ಲುತ್ತದೆ. ಒತ್ತೂ ಇಲ್ಲದ, ಕೊಂಬೂ ಇಲ್ಲದ ನಾಲ್ಕು ಸಾಲು ಕನ್ನಡವನ್ನು ಯಾರಾದರೂ ಬರೆದು ನೋಡಲಿ. 'ಮರ'ದಂಥ ಬಡಪಾಯಿ ಪದ ದಾಟಿಕೊಂಡೇನೋ ಹೋಗುತ್ತದೆ, ಆದರೆ ಆಚೆ ಬರುವಾಗ ಅದು ಮರವಾಗಿ ಉಳಿದಿರುವುದಿಲ್ಲ. ತಲೆಯ ಮೇಲೆ ಓರೆಗೆರೆ ಹೊತ್ತ ಲ್ಯಾಟಿನ್ ಅಕ್ಷರ, ಪುಟ್ಟದೊಂದು ಎರಡು, ನೋಂದಾಯಿತ ಟ್ರೇಡ್‌ಮಾರ್ಕಿನ ಗುರುತು, ಡಿಗ್ರಿಯ ಸೊನ್ನೆ ಎಲ್ಲ ಸೇರಿದ ಕಲಸುಮೇಲೋಗರವಾಗಿರುತ್ತದೆ.

ಇದಕ್ಕೆ ಮದ್ದು ಬಹಳ ಚಿಕ್ಕದು. ಫೈಲ್ ತೆರೆಯುವ ಸಾಲಿನಲ್ಲೇ ಇದು ಯುಟಿಎಫ್-8 ಎಂದು ಒಂದು ಮಾತು ಸೇರಿಸಿದರೆ ಸಾಕು, ಮೂರೂ ಬಗೆಯ ಕಂಪ್ಯೂಟರಿನಲ್ಲಿ ಕನ್ನಡ ಕನ್ನಡವಾಗಿಯೇ ಬರುತ್ತದೆ. ಆದರೂ ವರ್ಷಾನುಗಟ್ಟಲೆ ಪೈಥಾನ್ ಕಲಿಸುವ ಪಾಠಗಳಲ್ಲಿ, ಮಾದರಿ ಪ್ರೋಗ್ರಾಂಗಳಲ್ಲಿ ಆ ಒಂದು ಮಾತು ಇರುತ್ತಿರಲಿಲ್ಲ. ಬರೆದವರು ಸೋಮಾರಿಗಳೇನಲ್ಲ. ಅವರು ಕೂತಿದ್ದು ಲಿನಕ್ಸ್ ಅಥವಾ ಮ್ಯಾಕ್ ಮುಂದೆ, ಅಲ್ಲಿ ಅದನ್ನು ಬಿಟ್ಟರೂ ಕೆಲಸ ನಡೆಯುತ್ತಿತ್ತು. ಪೈಥಾನ್ ಕಟ್ಟುವವರೇ ಇದನ್ನು ಒಪ್ಪಿಕೊಂಡಿದ್ದಾರೆ. ಇನಾಡಾ ನವೋಕಿ ಅವರು ಮುಂದಿಟ್ಟ, ಪೈಥಾನ್ 3.10ಕ್ಕೆ ಸೇರಿದ 597ನೇ ಸಂಖ್ಯೆಯ ಪ್ರಸ್ತಾವದಲ್ಲಿ ಮ್ಯಾಕ್ ಮತ್ತು ಲಿನಕ್ಸ್ ಬಳಸುವ ಡೆವಲಪರ್‌ಗಳು ಈ ವ್ಯತ್ಯಾಸವನ್ನು ಮರೆತುಬಿಡುತ್ತಾರೆ ಎಂಬ ಮಾತು ಸ್ಪಷ್ಟವಾಗಿ ಇದೆ. ಅಧಿಕೃತ ಪೈಥಾನ್ ಪಾಠದಲ್ಲಿ ಈಗ ಫೈಲ್ ತೆರೆಯುವ ಉದಾಹರಣೆಗೆ ಯುಟಿಎಫ್-8 ಸೇರಿದೆ. 3.15ನೇ ಆವೃತ್ತಿಯಿಂದ, ಹೇಳದಿದ್ದರೂ ಎಲ್ಲ ಕಡೆ ಯುಟಿಎಫ್-8 ಎಂದೇ ಭಾವಿಸಬೇಕೆಂದು ತೀರ್ಮಾನವಾಗಿದೆ.

ಹೀಗೆ, ಬರೆಯುವವರ ಮೇಜಿನ ಮೇಲಿರುವ ಯಂತ್ರವೇ ಓದುವವರ ಮೇಜಿನ ಮೇಲೂ ಇದೆ ಎಂಬ ಊಹೆ ತಾಂತ್ರಿಕ ಬರಹಗಳ ತುಂಬ ಹರಡಿಕೊಂಡಿದೆ. ಊಟದ ಪಂಕ್ತಿಯಲ್ಲಿ ಒಬ್ಬರ ಎಲೆಗೆ ಎಲ್ಲವನ್ನೂ ಬಡಿಸಿ ಇನ್ನೊಬ್ಬರ ಎಲೆಯನ್ನು ದಾಟಿಕೊಂಡು ಹೋಗುವುದನ್ನು ಪಂಕ್ತಿಭೇದ ಎನ್ನುತ್ತಾರೆ. ಇಲ್ಲಿ ಬಡಿಸುವವರಿಗೆ ಭೇದ ಮಾಡುವ ಮನಸ್ಸಿಲ್ಲ ಎಂಬುದು ನಿಜ. ಆದರೆ ಖಾಲಿ ಎಲೆಯ ಮುಂದೆ ಕೂತವರಿಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ.

ಇನ್ನೊಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಒಂದು ಪಾವತಿ ಸೇವೆಯೋ ಹವಾಮಾನ ಸೇವೆಯೋ ಸಾಫ್ಟ್‌ವೇರ್ ಬರೆಯುವವರಿಗಾಗಿ ಕೈಪಿಡಿ ಹೊರತಂದಿತು ಎಂದಿಟ್ಟುಕೊಳ್ಳಿ. ಅದರ ಮೊದಲ ಪುಟದಲ್ಲಿ, ಕಾಪಿ ಮಾಡಿ ಅಂಟಿಸಿ ಎಂಬ ಆಹ್ವಾನದೊಂದಿಗೆ, 'ಕರ್ಲ್' ಎಂಬ ಉಪಕರಣದ ನಾಲ್ಕೈದು ಸಾಲಿನ ಕಮಾಂಡ್ ಇರುವುದು ಈಗ ವಾಡಿಕೆ. ಸಾಲುಗಳ ಕೊನೆಯಲ್ಲಿ ಮುಂದಿನ ಸಾಲಿಗೆ ಕೊಂಡಿಯಾಗಿ \ ಗುರುತು. ಕಳಿಸಬೇಕಾದ ಮಾಹಿತಿಯ ಸುತ್ತ ಒಂಟಿ ಉದ್ಧರಣ ಚಿಹ್ನೆ. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಅಂಟಿಸಿದರೆ ಎರಡೂ ಕೆಡುತ್ತವೆ. ಅಲ್ಲಿ ಸಾಲು ಮುಂದುವರಿಸುವ ಗುರುತು ^. ಒಂಟಿ ಉದ್ಧರಣಕ್ಕೆ ಅಲ್ಲಿ ಉದ್ಧರಣದ ಅರ್ಥವೇ ಇಲ್ಲ, ಅದೂ ಒಂದು ಮಾಮೂಲಿ ಅಕ್ಷರ. ಸರಿ, ಪವರ್‌ಶೆಲ್ ತೆರೆಯೋಣ ಎಂದರೆ ಇನ್ನೂ ವಿಚಿತ್ರ. ವಿಂಡೋಸ್ 10 ಮತ್ತು 11ರ ಜತೆಗೇ ಬರುವ ಪವರ್‌ಶೆಲ್ 5.1ರಲ್ಲಿ 'ಕರ್ಲ್' ಎಂದು ಟೈಪ್ ಮಾಡಿದರೆ ಏಳುವುದು ಕರ್ಲ್ ಅಲ್ಲ. ಮೈಕ್ರೋಸಾಫ್ಟ್ ತನ್ನದೇ ಬೇರೊಂದು ಕಮಾಂಡಿಗೆ ಆ ಹೆಸರನ್ನು ಅಡ್ಡಹೆಸರಾಗಿ ಕೊಟ್ಟಿದೆ. ಅದರ ಆಯ್ಕೆಗಳು ಬೇರೆ, ನಡವಳಿಕೆ ಬೇರೆ. ಕೈಪಿಡಿ ಹೇಳಿದಂತೆ ಹೆಡರ್ ಕೊಟ್ಟರೆ, ಈ ಪಠ್ಯವನ್ನು ಡಿಕ್ಷನರಿಯಾಗಿ ಬದಲಿಸಲಾಗದು ಎಂಬರ್ಥದ ಉತ್ತರ ಬರುತ್ತದೆ. ಕಲಿಯಲು ಕೂತವರಿಗೆ ಆ ಉತ್ತರದ ತಲೆಬುಡ ತಿಳಿಯುವುದಿಲ್ಲ.

ಕರ್ಲ್ ಬರೆದು ಕಾಪಾಡಿಕೊಂಡು ಬಂದಿರುವ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಈ ಗೊಂದಲ ಕಂಡು ಸುಮ್ಮನಿರಲಿಲ್ಲ. 2016ರಲ್ಲಿ ಪವರ್‌ಶೆಲ್‌ನ ಒಳಬರಹ ಎಲ್ಲರಿಗೂ ತೆರೆದ ಕೆಲವೇ ದಿನಗಳಲ್ಲಿ, ಆ ಅಡ್ಡಹೆಸರನ್ನು ತೆಗೆದುಹಾಕುವ ತಿದ್ದುಪಡಿಯನ್ನು ತಾವೇ ಕಳಿಸಿದರು. ಮುಂದೆ ಬಂದ ಪವರ್‌ಶೆಲ್ 6ರಲ್ಲಿ ಅಡ್ಡಹೆಸರು ಇಲ್ಲ. ವಿಂಡೋಸ್‌ನೊಂದಿಗೆ ಬರುವ 5.1ರಲ್ಲಿ ಮಾತ್ರ ಅದು ಹಾಗೇ ಉಳಿಯಿತು. 2018ರಿಂದ ವಿಂಡೋಸ್ 10ರಲ್ಲಿ ನಿಜವಾದ ಕರ್ಲ್ ಕೂಡ ಇದೆ, ಹೆಸರಿನ ಕೊನೆಗೆ ಚುಕ್ಕೆ ಇಟ್ಟು 'ಇಎಕ್ಸ್‌ಇ' ಸೇರಿಸಿ ಕರೆದರೆ ಪವರ್‌ಶೆಲ್‌ನಲ್ಲೂ ಬರುತ್ತದೆ. ಕೈಪಿಡಿಯಲ್ಲಿ ಇಷ್ಟು ಹೇಳಲು ಒಂದು ಸಾಲು ಸಾಕು. ಆ ಒಂದು ಸಾಲು ಇಲ್ಲದಿರುವುದರಿಂದ ಎಷ್ಟೋ ಮಂದಿಯ ಮಧ್ಯಾಹ್ನಗಳು ವ್ಯರ್ಥವಾಗಿವೆ.

ಒಂದೇ ಬಗೆಯ ಯಂತ್ರವನ್ನು ಊಹಿಸಿ ಬರೆಯುವ ಈ ಪದ್ಧತಿ ಬಂದದ್ದಕ್ಕೆ ಕಾರಣಗಳಿವೆ. ಲಿನಕ್ಸ್, ಮ್ಯಾಕ್ ಸೇರಿದ ಯೂನಿಕ್ಸ್ ಕುಲಕ್ಕೂ ಡಾಸ್ ಬಳಿಕ ಬಂದ ವಿಂಡೋಸ್ ಕುಲಕ್ಕೂ ನಡುವಿನ ಗೆರೆ ಬಹಳ ಹಳೆಯದು. 1981ರ ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರ್‌ಗಳೇ ಇರಲಿಲ್ಲ, / ಗುರುತನ್ನು ಕಮಾಂಡಿನ ಆಯ್ಕೆಗಳಿಗೆ ಬಳಸಿಬಿಟ್ಟಿದ್ದರು. 1983ರಲ್ಲಿ ಎರಡನೇ ಆವೃತ್ತಿಗೆ ಫೋಲ್ಡರ್ ಬಂದಾಗ, ಯೂನಿಕ್ಸ್‌ನವರು ದಾರಿ ಬರೆಯಲು ಬಳಸುತ್ತಿದ್ದ / ಖಾಲಿ ಇರಲಿಲ್ಲ, ಹಾಗಾಗಿ \ ಬಂತು. ಇಂದಿಗೂ ಅದೇ ನಡೆದಿದೆ. ವೆಬ್ ತಂತ್ರಜ್ಞಾನ ಬೆಳೆದದ್ದು ಬಹುಪಾಲು ಆ ಗೆರೆಯ ಯೂನಿಕ್ಸ್ ಕಡೆಯಲ್ಲಿ. 2005ರಲ್ಲಿ ಡೇವಿಡ್ ಹೈನಮೈಯರ್ ಹ್ಯಾನ್ಸನ್ ರೂಬಿ ಆನ್ ರೈಲ್ಸ್ ಬಳಸಿ 15 ನಿಮಿಷದಲ್ಲಿ ಬ್ಲಾಗ್ ಕಟ್ಟಿ ತೋರಿಸಿದ ಪ್ರಸಿದ್ಧ ವಿಡಿಯೊದಲ್ಲಿ ಇದ್ದದ್ದು ಮ್ಯಾಕ್. ನೋಡ್ ಜೆಎಸ್ 2009ರಲ್ಲಿ ಬಂದಾಗ ಲಿನಕ್ಸ್ ಮತ್ತು ಮ್ಯಾಕ್‌ಗಷ್ಟೇ ಇತ್ತು, ವಿಂಡೋಸ್‌ಗೆ ಅದು ನೇರವಾಗಿ ಸಿಕ್ಕಿದ್ದು 2011ರಲ್ಲಿ. ಆಮೇಲೂ ಅದರ ಪ್ಯಾಕೇಜುಗಳು ಫೋಲ್ಡರೊಳಗೆ ಫೋಲ್ಡರ್ ಎಂದು ಎಷ್ಟು ಆಳಕ್ಕೆ ಇಳಿಯುತ್ತಿದ್ದವೆಂದರೆ, ವಿಂಡೋಸ್ ಹಾಕಿಕೊಂಡಿದ್ದ 260 ಅಕ್ಷರಗಳ ಮಿತಿಯನ್ನು ದಾಟಿ, ಆ ಫೋಲ್ಡರನ್ನು ಅಳಿಸಲೂ ಆಗದ ಸ್ಥಿತಿ ಬರುತ್ತಿತ್ತು. 2015ರಲ್ಲಿ, ಆ ಪ್ಯಾಕೇಜುಗಳನ್ನು ತಂದು ಹಾಕುವ ಉಪಕರಣವಾದ ಎನ್‌ಪಿಎಂನ 3ನೇ ಆವೃತ್ತಿ ಆ ಆಳವನ್ನು ತಗ್ಗಿಸಿತು. ಯೂನಿಕ್ಸ್ ರೀತಿಯಲ್ಲಿ ಬರೆದ ಸಣ್ಣಪುಟ್ಟ ಕಮಾಂಡುಗಳು ವಿಂಡೋಸ್‌ನಲ್ಲೂ ನಡೆಯಲಿ ಎಂದೇ 'ಕ್ರಾಸ್-ಎನ್ವ್' ಎಂಬ ಪ್ಯಾಕೇಜು ಹುಟ್ಟಿಕೊಂಡಿತು. ಊಹೆಯೊಂದನ್ನು ಸರಿಪಡಿಸಲೆಂದೇ ಹುಟ್ಟಿದ ಸಾಫ್ಟ್‌ವೇರ್ ಅದು.

ಹಾಗಾದರೆ ವಿಂಡೋಸ್ ಬಳಸುವ ಡೆವಲಪರ್‌ಗಳು ಅಷ್ಟು ಕಡಿಮೆಯೇ? ಸ್ಟ್ಯಾಕ್ ಓವರ್‌ಫ್ಲೋ 2022ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 70 ಸಾವಿರಕ್ಕೂ ಹೆಚ್ಚು ಮಂದಿ ಪಾಲ್ಗೊಂಡಿದ್ದರು. ಸ್ವಂತ ಕೆಲಸಕ್ಕೆ ವಿಂಡೋಸ್ ಬಳಸುತ್ತೇವೆ ಎಂದವರು ಅವರಲ್ಲಿ ನೂರಕ್ಕೆ ಸುಮಾರು 62. ಕಚೇರಿ ಕೆಲಸಕ್ಕೆ ಬಳಸುತ್ತೇವೆ ಎಂದವರು ಹೆಚ್ಚುಕಡಿಮೆ ಅರ್ಧ. ಮ್ಯಾಕ್ ಎಂದವರು ಎರಡರಲ್ಲೂ ಮೂರನೇ ಒಂದು ಭಾಗದ ಆಸುಪಾಸು. ಪಂಕ್ತಿಯಲ್ಲಿ ಅತಿ ಹೆಚ್ಚು ಮಂದಿ ಯಾವ ಸಾಲಿನಲ್ಲಿ ಕೂತಿದ್ದಾರೋ ಆ ಸಾಲಿಗೇ ಬಡಿಸುವುದು ತಡ.

ಎಲ್ಲ ಬಗೆಯ ಯಂತ್ರಗಳಿಗೂ ಬರೆಯಬೇಕು ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಸರ್ವರ್‌ಗಳ ಲೋಕ ಬಹುಮಟ್ಟಿಗೆ ಲಿನಕ್ಸ್‌ನದು. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸ್ ಅಲ್ಲದ್ದು ಒಂದೂ ಇಲ್ಲ. ಈ ಕಸುಬಿಗೆ ಬರುವವರು ಲಿನಕ್ಸ್ ಕಲಿಯಲೇಬೇಕು, ಕೈಪಿಡಿ ಆ ಕಡೆ ತಳ್ಳಿದರೆ ತಪ್ಪೇನು ಎಂದು ಕೇಳುತ್ತಾರೆ. ಲಿನಕ್ಸ್ ಕಲಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅದು ಮುಕ್ತ ತಂತ್ರಾಂಶ, ಹಳೆಯ ಯಂತ್ರದಲ್ಲೂ ಓಡುತ್ತದೆ, ಬಡ ವಿದ್ಯಾರ್ಥಿಗೆ ಅದಕ್ಕಿಂತ ದೊಡ್ಡ ಆಸರೆ ಇಲ್ಲ. ಆದರೆ ಲಿನಕ್ಸ್ ಕಲಿಸುವ ಪಾಠ ಬೇರೆ, ಲಿನಕ್ಸ್ ಗೊತ್ತಿದೆ ಎಂದು ಭಾವಿಸಿ ಬರೆದ ಪೈಥಾನ್ ಪಾಠ ಬೇರೆ. ಎರಡನೆಯದು ಯಾರಿಗೂ ಲಿನಕ್ಸ್ ಕಲಿಸುವುದಿಲ್ಲ. ತನಗೆ ಪ್ರೋಗ್ರಾಮಿಂಗ್ ಒಲಿಯದು ಎಂದುಕೊಂಡು ಹುಡುಗಿಯೊಬ್ಬಳು ಪುಸ್ತಕ ಮುಚ್ಚಿಡುತ್ತಾಳೆ, ಅಷ್ಟೆ. ತಪ್ಪು ಪುಟದಲ್ಲಿತ್ತು ಎಂದು ಅವಳಿಗೆ ಹೇಳುವವರು ಯಾರು?

ಎರಡನೆಯ ಆಕ್ಷೇಪ: ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2016ರಲ್ಲೇ ಬಂದಿದೆಯಲ್ಲ, ಅದನ್ನು ಹಾಕಿಕೊಂಡರೆ ಮುಗಿಯಿತು. ಸ್ವಂತ ಲ್ಯಾಪ್‌ಟಾಪ್ ಇದ್ದು, ಸಾಕಷ್ಟು ಮೆಮರಿ ಇದ್ದವರಿಗೆ ಇದು ಸೊಗಸಾದ ದಾರಿ. ರೈಲ್ಸ್‌ನ ಕೈಪಿಡಿಯೇ ವಿಂಡೋಸ್ ಬಳಕೆದಾರರಿಗೆ ಇದನ್ನು ಸೂಚಿಸುತ್ತದೆ. ಆದರೆ ಅದನ್ನು ಚಾಲೂ ಮಾಡಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು, ಎರಡನೇ ಆವೃತ್ತಿಗೆ ಯಂತ್ರದ ಬಯೋಸ್‌ನಲ್ಲಿ ವರ್ಚುವಲೈಸೇಶನ್ ಚಾಲೂ ಇರಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ಸರದಿಯ ಮೇಲೆ ಕೂರುವ ವಿದ್ಯಾರ್ಥಿ ಪಾಸ್‌ವರ್ಡ್ ಕೇಳುತ್ತಾ ಯಾರ ಹಿಂದೆ ಹೋಗಬೇಕು? ಇನ್ನು ಮ್ಯಾಕ್ ಕೊಳ್ಳುವ ಮಾತು. 2020ರ ಕೊನೆಗೆ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್ ಭಾರತಕ್ಕೆ ಬಂದಾಗ ಅದರ ಆರಂಭದ ಬೆಲೆ 92,900 ರೂಪಾಯಿ. ಆ್ಯಪಲ್‌ನ ಲ್ಯಾಪ್‌ಟಾಪುಗಳಲ್ಲಿ ಆಗ ಅದೇ ಅಗ್ಗದ್ದಾಗಿತ್ತು.

ಮ್ಯಾಕ್ ಕೊಂಡವರೂ ಪೂರ್ತಿ ಪಾರಾಗುವುದಿಲ್ಲ. ಮ್ಯಾಕ್‌ನಲ್ಲಿ ಬರುವ, ಪಠ್ಯ ತಿದ್ದುವ 'ಸೆಡ್' ಎಂಬ ಉಪಕರಣ ಬಿಎಸ್‌ಡಿ ಮನೆತನದ್ದು, ಲಿನಕ್ಸ್‌ನದು ಗ್ನೂ ಮನೆತನದ್ದು. ಫೈಲನ್ನು ಇದ್ದಲ್ಲೇ ತಿದ್ದುವ ಒಂದು ಸಾಮಾನ್ಯ ಕಮಾಂಡು ಒಂದರಲ್ಲಿ ನಡೆದರೆ ಇನ್ನೊಂದರಲ್ಲಿ ನಡೆಯದು. ತಂತ್ರಾಂಶಗಳನ್ನು ತಂದು ಹಾಕುವ ಹೋಮ್‌ಬ್ರೂ ಎಂಬ ಜನಪ್ರಿಯ ಉಪಕರಣ ಇಂಟೆಲ್ ಮ್ಯಾಕ್‌ನಲ್ಲಿ ಒಂದು ಫೋಲ್ಡರಿನಲ್ಲೂ ಆ್ಯಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ನಲ್ಲಿ ಬೇರೊಂದು ಫೋಲ್ಡರಿನಲ್ಲೂ ನೆಲೆಸುತ್ತದೆ. ಹಳೆಯ ದಾರಿಯನ್ನು ಬರೆದಿಟ್ಟ ಪಾಠಗಳು ಹೊಸ ಮ್ಯಾಕ್‌ನಲ್ಲಿ ಎಡವುತ್ತವೆ. ಪೆಟ್ಟು ಬರೆಯುವವರಿಗೂ ಬೀಳುತ್ತದೆ. ಫೈಲಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಅದಲುಬದಲಾದರೂ ಮ್ಯಾಕ್ ಮತ್ತು ವಿಂಡೋಸ್ ಸಾಮಾನ್ಯವಾಗಿ ಸುಮ್ಮನಿರುತ್ತವೆ, ಲಿನಕ್ಸ್ ಸುಮ್ಮನಿರುವುದಿಲ್ಲ. ಮ್ಯಾಕ್‌ನಲ್ಲಿ ಓಡಿದ್ದು ಸರ್ವರ್‌ಗೆ ಹೋದಮೇಲೆ ಕೈಕೊಡುವುದು ಎಷ್ಟೋ ಸಲ ಇದರಿಂದಲೇ.

ಭೇದ ಒಂದೇ ದಿಕ್ಕಿನದಲ್ಲ ಎಂಬುದನ್ನು ಕನ್ನಡಿಗರು ಬೇಗ ಒಪ್ಪಬೇಕು, ಏಕೆಂದರೆ ಕನ್ನಡದ ಕಂಪ್ಯೂಟರ್ ಚರಿತ್ರೆ ವಾಲಿದ್ದು ಪೂರ್ತಿ ಆಚೆ ಬದಿಗೆ. 1998ರಲ್ಲಿ ಶೇಷಾದ್ರಿವಾಸು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳೆರಡೂ ವಿಂಡೋಸ್‌ಗೆಂದು ರೂಪುಗೊಂಡವು. ಕನ್ನಡದಲ್ಲಿ ಟೈಪ್ ಮಾಡುವುದು ಹೇಗೆ ಎಂದು ಹೇಳುವ ಎಷ್ಟೋ ಪುಟಗಳು ವಿಂಡೋಸ್‌ನ ಹೆಜ್ಜೆಗಳನ್ನಷ್ಟೇ ಕೊಟ್ಟು ಮುಗಿದವು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ ಲಿನಕ್ಸ್‌ನಲ್ಲೂ ಸಿಗುತ್ತದೆ, ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಮೂಲಕ 'ಕೆಜಿಪಿ' ಎಂದು ಆಯ್ದುಕೊಂಡರೆ ಸಾಕು ಎಂಬುದು ಲಿನಕ್ಸ್ ಹಾಕಿಕೊಂಡ ಕನ್ನಡ ಬರಹಗಾರರಲ್ಲಿ ಎಷ್ಟೋ ಮಂದಿಯ ಕಿವಿಗೆ ಬೀಳಲೇ ಇಲ್ಲ.

ಮೂರನೆಯ ಆಕ್ಷೇಪ ದುಡಿಮೆಯದು. ಪ್ರತಿ ಹೆಜ್ಜೆಯನ್ನೂ ಮೂರು ಸಲ ಬರೆಯುವುದು, ಮೂರು ಯಂತ್ರದಲ್ಲಿ ಪರೀಕ್ಷಿಸುವುದು, ಆವೃತ್ತಿ ಬದಲಾದಾಗ ಮೂರನ್ನೂ ತಿದ್ದುವುದು. ಮುಕ್ತ ತಂತ್ರಾಂಶದ ಕೈಪಿಡಿ ಬರೆಯುವವರಲ್ಲಿ ಬಹಳ ಮಂದಿ ರಾತ್ರಿ ಹೊತ್ತು ಸಂಬಳವಿಲ್ಲದೆ ಬರೆಯುವವರು. ಅವರ ಮೇಲೆ ಹೊರೆ ಹೇರುವುದು ನ್ಯಾಯವಲ್ಲ. ಆದರೆ ಮೂರು ಸಲ ಬರೆಯದೆಯೂ ನ್ಯಾಯ ಮಾಡಬಹುದು. ರಸ್ಟ್ ಭಾಷೆಯ ಅಧಿಕೃತ ಪುಸ್ತಕವನ್ನು ನೋಡಿ. ಮೊದಲ ಅಧ್ಯಾಯದಲ್ಲೇ ಅದು ಹೇಳಿಬಿಡುತ್ತದೆ: ಟರ್ಮಿನಲ್‌ನಲ್ಲಿ ಕೊಡಬೇಕಾದ ಸಾಲುಗಳು $ ಗುರುತಿನಿಂದ ಶುರುವಾಗುತ್ತವೆ, ಆ ಗುರುತನ್ನು ಟೈಪ್ ಮಾಡಬೇಡಿ, ಪವರ್‌ಶೆಲ್‌ಗೆಂದೇ ಇರುವ ಸಾಲುಗಳಿಗೆ > ಗುರುತು ಇರುತ್ತದೆ. $ ಗುರುತನ್ನೂ ಕಾಪಿ ಮಾಡಿ ಅಂಟಿಸಿ, ಬಂದ ದೋಷ ನೋಡಿ ಕಂಗಾಲಾದವರಿಗೆ ಈ ಮೂರು ಮಾತಿನ ಬೆಲೆ ಗೊತ್ತು. ಪೈಥಾನ್ ಬಳಸಿ ವೆಬ್ ತಾಣ ಕಟ್ಟಲು ನೆರವಾಗುವ ಜಾಂಗೋದ ಪಾಠಗಳಲ್ಲಿ ಕಮಾಂಡಿನ ಮೇಲೆ ಎರಡು ಪುಟ್ಟ ಗುಂಡಿಗಳಿವೆ, ಒಂದು ಯೂನಿಕ್ಸ್ ಕಡೆಗೆ, ಇನ್ನೊಂದು ವಿಂಡೋಸ್ ಕಡೆಗೆ. ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ಎಬ್ಬಿಸುವ ಫೈಲು ಯೂನಿಕ್ಸ್‌ನಲ್ಲಿ 'ಬಿನ್' ಎಂಬ ಫೋಲ್ಡರಿನಲ್ಲಿದ್ದರೆ ವಿಂಡೋಸ್‌ನಲ್ಲಿ 'ಸ್ಕ್ರಿಪ್ಟ್ಸ್' ಎಂಬುದರಲ್ಲಿದೆ. ಅಧಿಕೃತ ಪುಟ ಇದನ್ನು ಒಂದು ಕೋಷ್ಟಕದಲ್ಲಿ ಶೆಲ್‌ವಾರು ಕೊಡುತ್ತದೆ. ಕೋಷ್ಟಕ ಅರ್ಧ ಪುಟವೂ ಇಲ್ಲ.

ಎಲ್ಲಕ್ಕಿಂತ ಕಡಿಮೆ ಖರ್ಚಿನ ಮಾದರಿ ಇಲ್ಲೇ, ಕನ್ನಡದಲ್ಲೇ ಇದೆ. ಐಐಟಿ ಬಾಂಬೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಮುಕ್ತ ತಂತ್ರಾಂಶಗಳನ್ನು ಹತ್ತು ನಿಮಿಷದ ಆಸುಪಾಸಿನ ಪಾಠಗಳಲ್ಲಿ ಕಲಿಸುತ್ತದೆ, ಕನ್ನಡ ಧ್ವನಿಯಲ್ಲೂ ಅವು ಸಿಗುತ್ತವೆ. ಅವುಗಳ ಒಂದು ಪದ್ಧತಿ ಗಮನಿಸುವಂಥದ್ದು. ಪಾಠದ ಆರಂಭದಲ್ಲೇ ಇದನ್ನು ದಾಖಲಿಸಲು ಬಳಸಿದ ಆಪರೇಟಿಂಗ್ ಸಿಸ್ಟಂ ಯಾವುದು, ಅದರ ಆವೃತ್ತಿ ಎಷ್ಟು, ತಂತ್ರಾಂಶದ ಆವೃತ್ತಿ ಎಷ್ಟು ಎಂದು ಹೇಳಿ ಮುಂದೆ ಹೋಗುತ್ತಾರೆ. ಹೆಚ್ಚಿನವು ಉಬುಂಟುವಿನಲ್ಲಿ ಮಾಡಿದವೇ. ಆದರೆ ಅದನ್ನು ಮುಚ್ಚಿಟ್ಟಿಲ್ಲ. ನೋಡುವವರಿಗೆ ತಮ್ಮ ಯಂತ್ರ ಬೇರೆ ಎಂಬುದು ಮೊದಲ ನಿಮಿಷದಲ್ಲೇ ತಿಳಿಯುತ್ತದೆ. ಎಲ್ಲಿ ವ್ಯತ್ಯಾಸ ಬಂದೀತೆಂದು ಅವರು ಎಚ್ಚರದಿಂದ ನೋಡುತ್ತಾರೆ, ಎಡವಿದರೂ ತಮ್ಮನ್ನು ತಾವು ಹಳಿದುಕೊಳ್ಳುವುದಿಲ್ಲ.

ಕನ್ನಡದಲ್ಲಿ ತಂತ್ರಜ್ಞಾನ ಬರೆಯುವವರ, ವಿಡಿಯೊ ಮಾಡುವವರ ಸಂಖ್ಯೆ ಈಗ ಏರುತ್ತಿದೆ. ಇಂಗ್ಲಿಷ್ ಪಾಠಗಳಿಂದ ಕಮಾಂಡುಗಳನ್ನು ಎತ್ತಿಕೊಳ್ಳುವಾಗ ಅವುಗಳ ಜತೆಗೆ ಅವುಗಳ ಊಹೆಯೂ ಬಂದುಬಿಡುತ್ತದೆ. ಇಂಗ್ಲಿಷ್ ಓದುಗರಿಗೆ ಆ ಊಹೆ ಬರೀ ಕಿರಿಕಿರಿ. ಕನ್ನಡದ ಓದುಗರಿಗೆ ಅದು ಹಾಗಲ್ಲ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದರೆ 1252ರಲ್ಲಿ ಓದಿದರೂ ಏನೂ ಕೆಡುವುದಿಲ್ಲ, ಕೆಡುವುದು ಕನ್ನಡ ಇದ್ದಾಗ. ಪ್ರಾಜೆಕ್ಟಿನ ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟು ವಿಂಡೋಸ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಕಟ್ಟಲು ಹೊರಟರೆ, ದಾರಿಯಲ್ಲಿ ಆಸ್ಕಿ ಅಲ್ಲದ ಅಕ್ಷರಗಳಿವೆ ಎಂದು ಉಪಕರಣ ತಡೆದು ನಿಲ್ಲಿಸುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ಇಷ್ಟನ್ನಾದರೂ ಮಾಡಬೇಕು: ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ಮಾಡಿ ನೋಡಿದ್ದು ಎಂದು ಮೊದಲ ಸಾಲಿನಲ್ಲೇ ಹೇಳಬೇಕು, ಉದಾಹರಣೆಯ ಫೈಲಿನಲ್ಲಿ ಕನ್ನಡ ಪಠ್ಯವನ್ನೇ ಇಡಬೇಕು, ಒಮ್ಮೆಯಾದರೂ ಸಾಮಾನ್ಯ ವಿಂಡೋಸ್ ಯಂತ್ರದಲ್ಲಿ ಓಡಿಸಿ ನೋಡಬೇಕು.

ಓದುವವರಿಗೂ ಒಂದು ಮಾತು. ಪೈಥಾನ್, ರಸ್ಟ್, ಜಾಂಗೋ ಇವುಗಳ ಕೈಪಿಡಿಗಳು ಮುಕ್ತವಾಗಿವೆ, ಅವುಗಳ ಮೂಲಪಠ್ಯ ಗಿಟ್‌ಹಬ್‌ನಲ್ಲಿದೆ, ತಿದ್ದುಪಡಿ ಕಳಿಸಲು ಯಾರ ಶಿಫಾರಸೂ ಬೇಕಿಲ್ಲ. ಲ್ಯಾಬ್‌ನ ವಿಂಡೋಸ್ ಯಂತ್ರದಲ್ಲಿ ಎಡವಿದ ವಿದ್ಯಾರ್ಥಿ ತನಗೆ ಬಂದ ದೋಷವನ್ನೂ ಅದು ಬಗೆಹರಿದ ಬಗೆಯನ್ನೂ ನಾಲ್ಕು ಸಾಲಿನಲ್ಲಿ ಬರೆದು ಕಳಿಸಲಿ. ಅಲ್ಲಿನ ಲೇಖಕರ ಮೇಜಿನ ಮೇಲೆ ಆ ಯಂತ್ರ ಇಲ್ಲದಿರಬಹುದು.